ಅಕ್ಕನ ಫೋಟೋಗೆ ಕೂತ ತಂಗಿ

ನಂಬಿದ್ರೆ ನಂಬಿ, ಬಿಟ್ಟರೆ ಬಿಡಿ. ನಿಮ್ಮನ್ನ ನಂಬಿಸಿ ನನಗೇನೂ ಆಗಬೇಕಾಗಿಲ್ಲ. ಆದರೆ ಎಲ್ಲಾ ಕೇಳಿಸಿಕೊಂಡು ಕೊನೆಗೆ, "ಚೆನ್ನಾಗಿ ಕಟ್ಟಿದ್ದೀರಿ ಕಥೆ" ಅಂತ ಮಾತ್ರ ಅನ್ನಬೇಡಿ, ಮೈಯೆಲ್ಲಾ ಉರಿದುಹೋಗುತ್ತೆ. ಆ ಗಾಜಿನ ಪ್ಲೇಟನ್ನ ನೀರಿನಿಂದ ಎತ್ತಿದ್ದು ಇದೇ ಕೈ. ಪಕ್ಕದಲ್ಲಿ ನನ್ನ ಹೆಂಡತಿ ಸರೋಜ ನಿಂತಿದ್ದಳು. ಅವಳಿಗೆ ಸುಳ್ಳು ಹೇಳೋಕೆ ಬರೋದೇ ಇಲ್ಲ, ಸಂಸಾರದಲ್ಲಿ ನನಗಿದ್ದ ದೊಡ್ಡ ತೊಂದರೆಯೇ ಅದು.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಚಿಕ್ಕಬಳ್ಳಾಪುರದ ಬಜಾರಿನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೋ. ಬೇರೆ ಸ್ಟುಡಿಯೋಗಳಲ್ಲಿ ಅರಮನೆ ಬರೆದ ಪರದೆ, ಕಾಗದದ ಹೂವು, ಕಣ್ಣಿಗೆ ಹೊಡೆಯೋ ಲೈಟು. ಅದರ ಮುಂದೆ ಜನ ಪೊಲೀಸರ ಕೈಗೆ ಸಿಕ್ಕಿಬಿದ್ದವರ ಹಾಗೆ ಕೂತಿರೋರು. ನನಗೆ ಅದು ಕಂಡರಾಗ್ತಿರಲಿಲ್ಲ. ನಾನು ಕ್ಯಾಮೆರಾ ಹೊತ್ತುಕೊಂಡು ಅವರವರ ಮನೆಗೇ ಹೋಗ್ತಿದ್ದೆ. ಅಡುಗೆಮನೆ ಬೆಳಕಿಂಡಿ, ಹಜಾರದ ಬಾಗಿಲು, ರೇಷ್ಮೆ ಹುಳ ಮೇಯಿಸೋ ಕೋಣೆ... ಎಲ್ಲಿ ಏನು ಬೆಳಕಿದೆಯೋ ಅದರಲ್ಲೇ ತೆಗೀಬೇಕು. ರಾಗಿ ಬೀಸ್ತಾ ಕೂತ ಅಜ್ಜಿಗೆ, "ನಿನ್ನ ಮಗಳು ಬಸ್ಸಿಳಿದಳಂತೆ" ಅಂತ ಹೇಳೋದು, ಅವಳು ತಲೆ ಎತ್ತಿದ ತಕ್ಷಣ ತೆಗೆಯೋದು. ಆಮೇಲೆ ಬೈಸಿಕೊಳ್ಳೋದು. "ನೀನು ತೆಗೆದ ಫೋಟೋ ಮಾತಾಡುತ್ತೆ ಕಣಯ್ಯಾ" ಅಂತ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳೇ ಅನ್ನೋರು. ನನಗೂ ತಲೆ ಸ್ವಲ್ಪ ತಿರುಗಿತ್ತು ಅನ್ನಿ.

ಪಿತೃಪಕ್ಷ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಮಂಚೇನಹಳ್ಳಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ಬಂದ. ಊರಿನ ಹೆಸರು ಹೇಳಲ್ಲ, ಕೇಳಬೇಡಿ. ಒಳ್ಳೆ ಪಂಚೆ, ಜಮೀನಿರೋ ಮನೆಯ ಕಳೆ. ಹೆಸರು ಕೃಷ್ಣಪ್ಪ. ಮಾತಾಡುವಾಗ ನನ್ನ ಮುಖ ಬಿಟ್ಟು ಬೇರೆಲ್ಲಾ ನೋಡ್ತಿದ್ದ.

"ನಮ್ಮ ಮನೆಯವರ ಫೋಟೋ ತೆಗೀಬೇಕಂತೆ. ಅಮ್ಮ ಹೇಳಿದ್ರು. ಇವತ್ತೇ ಬರಬೇಕಂತೆ," ಅಂದ.

ಆ ಮನೆಯಲ್ಲಿ ಎಲ್ಲಾ "ಅಮ್ಮ ಹೇಳಿದ್ರು" ಅನ್ನೋದು ಆಮೇಲೆ ಗೊತ್ತಾಯ್ತು.

ಗೌರಿಬಿದನೂರು ಬಸ್ಸು ದಾರೀಲಿ ಕೆಟ್ಟು ನಿಂತು, ನಾನು ಹೋಗಿ ಸೇರೋ ಹೊತ್ತಿಗೆ ದೀಪ ಹಚ್ಚಿದ್ದರು. ಕರೆಂಟಿಲ್ಲದ ಊರು. ಹಜಾರದಲ್ಲಿ ಒಂದು ಲಾಟೀನು. ಹಿತ್ತಲ ಬಾಗಿಲು ಪೂರ್ತಿ ತೆಗೆದಿತ್ತು, ಅದರಾಚೆ ಬಾವಿಯ ರಾಟೆ ಮಸುಕಾಗಿ ಕಾಣಿಸ್ತಿತ್ತು. ಕೃಷ್ಣಪ್ಪನ ತಾಯಿ ವೆಂಕಟಮ್ಮ ತಾವೇ ಕಾಫಿ ತಂದುಕೊಟ್ಟರು. ಗಟ್ಟಿ ಆಳು, ಮಾತಿನಲ್ಲಿ ನಡುನಡುವೆ ತೆಲುಗು. ಲೋಟ ಹಿಡಿದಿದ್ದ ಬಲಗೈಯ ಕಿರುಬೆರಳು ಹೊರಗಡೆಗೆ ಸೊಟ್ಟಗೆ ತಿರುಗಿತ್ತು. ಮುಖ, ಕೈ ಗಮನಿಸೋದು ನನ್ನ ಕಸುಬು. ಕಣ್ಣಿಗೆ ಬಿತ್ತು, ನೆನಪಲ್ಲಿ ಉಳೀತು.

"ಯಾರ ಫೋಟೋ ಅಮ್ಮ ತೆಗೀಬೇಕಾಗಿರೋದು?"

"ನಮ್ಮ ಸೊಸೆ ರತ್ನಮ್ಮಂದು."

"ಕರೀರಿ ಹಾಗಾದ್ರೆ."

"ಅವಳು ಸತ್ತು ಎರಡು ವರ್ಷ ಆಯ್ತಪ್ಪಾ," ಅಂದರು. ಹಾಲು ಕರೆಯೋ ಹೊತ್ತಾಯ್ತು ಅನ್ನೋ ಹಾಗೆ ಅಂದರು.

ನಾನು ಕಾಫಿ ಲೋಟ ಕೆಳಗಿಟ್ಟೆ.

ಆಮೇಲೆ ವಿಷಯ ಬಿಡಿಸಿ ಹೇಳಿದರು. ರತ್ನಮ್ಮ ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದು ಹೋದಳು. ಮಕ್ಕಳಿರಲಿಲ್ಲ. ನಮ್ಮ ಕಡೆ ನಡೆಯೋ ಹಾಗೆ, ಅವಳ ತಂಗಿ ಜಯಮ್ಮನ್ನೇ ಕೃಷ್ಣಪ್ಪನಿಗೆ ತಂದುಕೊಂಡರು. ಇವಳಿಗೂ ಮಕ್ಕಳಾಗಲಿಲ್ಲ. ಚಿಂತಾಮಣಿ ಹತ್ತಿರ ಯಾರೋ ಶಾಸ್ತ್ರ ಹೇಳೋನು, "ದೊಡ್ಡವಳು ಎಡೆಯಿಲ್ಲದೆ ಅಲೀತಿದ್ದಾಳೆ, ಹಿರಿಯರ ಹಬ್ಬಕ್ಕೆ ಅವಳ ಪಟ ಇಟ್ಟು ಪೂಜೆ ಮಾಡಿ" ಅಂದನಂತೆ. ಪಟ ಎಲ್ಲಿದೆ? ಬದುಕಿದ್ದಾಗ ಒಂದು ಫೋಟೋನೂ ತೆಗೆಸಿರಲಿಲ್ಲ.

"ಅಕ್ಕ ತಂಗಿ ಇಬ್ಬರದೂ ಒಂದೇ ಅಚ್ಚು. ಅಕ್ಕನ ಸೀರೆ ಉಡಿಸಿ ಇವಳನ್ನ ಕೂಡಿಸ್ತೀನಿ. ತೆಗೆದುಬಿಡು. ಯಾರಿಗೆ ಗೊತ್ತಾಗುತ್ತೆ?"

"ಅಲ್ಲಮ್ಮಾ... ಬದುಕಿರೋ ಹೆಣ್ಣುಮಗಳ ಫೋಟೋಗೆ ಹಾರ ಹಾಕಿ ಎಡೆ ಇಡ್ತೀರಾ?"

"ಏಮಯ್ಯಾ, ನೀನು ಫೋಟೋ ತೆಗೆಯೋಕೆ ಬಂದ್ಯೋ, ನನಗೆ ಬುದ್ಧಿ ಹೇಳೋಕೆ ಬಂದ್ಯೋ?"

ಎದ್ದು ಹೊರಟುಬಿಡೋನಿದ್ದೆ. ಅಷ್ಟರಲ್ಲಿ ಆ ಹುಡುಗಿ ಒಳಗಿಂದ ಬಂದಳು.

ಹತ್ತೊಂಬತ್ತು ಇಪ್ಪತ್ತಿರಬೇಕು. ಮೈಮೇಲೆ ಅಕ್ಕನ ಹಸಿರು ಸೀರೆ. ಟ್ರಂಕಿನ ನುಸಿಗುಳಿಗೆ ವಾಸನೆ ಅವಳಿಗಿಂತ ಮುಂಚೆ ಬಂತು. ಕೊರಳಲ್ಲಿ ತಾಳಿ, ತಾಳಿಯ ಪಕ್ಕ ಒಂದು ಚಿಕ್ಕ ಚಿನ್ನದ ಬಿಲ್ಲೆ. ನಿಮ್ಮಲ್ಲಿ ಹಳೇ ಕಾಲದವರಿಗೆ ಗೊತ್ತಿರುತ್ತೆ, ಸತ್ತ ಮೊದಲನೇ ಹೆಂಡತಿ ಹೆಸರಲ್ಲಿ ಎರಡನೆಯವಳ ಕೊರಳಿಗೆ ಕಟ್ತಾರಲ್ಲ, ಅದು. ಅಕ್ಕನ್ನ ಕತ್ತಿನಲ್ಲೇ ಹೊತ್ತುಕೊಂಡು ಓಡಾಡ್ತಿದ್ದಳು ಪಾಪ. ಈಗ ಮುಖದಲ್ಲೂ ಹೊರಬೇಕಿತ್ತು.

ಹಿತ್ತಲ ಬಾಗಿಲ ಹತ್ತಿರ ಮಣೆ ಹಾಕಿ ಕೂಡಿಸಿದೆ. ಲಾಟೀನನ್ನ ಎಡಗಡೆ ಕಂಬಕ್ಕೆ ನೇತುಹಾಕಿದೆ. ಅರ್ಧ ಮುಖಕ್ಕೆ ಬೆಳಕು, ಅರ್ಧ ಕತ್ತಲು. ಇಂಥ ಬೆಳಕಿನಲ್ಲಿ ಯಾರನ್ನೂ ನಗಿಸಬೇಕಾಗಿಲ್ಲ, ಅಳಿಸಬೇಕಾಗಿಲ್ಲ, ಮನಸ್ಸಲ್ಲಿ ಇರೋದು ತಾನಾಗೇ ಮೇಲೆ ಬರುತ್ತೆ. ಹುಡುಗಿ ನನ್ನ ಕ್ಯಾಮೆರಾ ನೋಡಿ ಅಭ್ಯಾಸಬಲದಿಂದ ಒಂಚೂರು ನಕ್ಕಳು.

"ನಗಬೇಡ್ವೇ!" ಅಂದರು ವೆಂಕಟಮ್ಮ. "ನಿಮ್ಮಕ್ಕ ಯಾವತ್ತು ನಕ್ಕಿದ್ದಳು ಈ ಮನೇಲಿ? ತಲೆ ಬಗ್ಗಿಸು. ಇನ್ನೂ. ಹೆದರಿದೋಳ ಹಾಗಿರಬೇಕು. ಹೂಂ... ಹಾಗೆ."

ಅಂತ ಹೇಳ್ತಾ ಆ ಸೊಟ್ಟ ಬೆರಳಿನ ಕೈಯಲ್ಲಿ ಅವಳ ತಲೆಯನ್ನ ಅದುಮಿದರು. ಆಮೇಲೆ ಸತ್ತವಳ ಓಲೆ ತರ್ತೀನಿ ಅಂತ ಒಳಗೆ ಹೋದರು. ಕೃಷ್ಣಪ್ಪ ಆಚೆ ಜಗಲಿ ಮೇಲೆ ನಮಗೆ ಬೆನ್ನು ಹಾಕಿ ಬೀಡಿ ಸೇದ್ತಾ ಕೂತಿದ್ದ.

"ಅಣ್ಣಾ..." ಹುಡುಗಿ ತುಟಿ ಅಲ್ಲಾಡಿಸದೆ ಅಂದಳು. "ಫೋಟೋ ಕೆಟ್ಟೋಯ್ತು ಅಂತ ಹೇಳ್ಬಿಡಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ."

"ಯಾಕಮ್ಮಾ?"

"ಮೂರನೇ ಹೆಣ್ಣು ನೋಡಿಟ್ಟಿದ್ದಾರೆ. ನಾನು ಬೇಕಾಗಿರೋದು ಈ ಮುಖಕ್ಕೆ ಮಾತ್ರ. ಮುಖ ಸಿಕ್ಕಿದ ಮೇಲೆ ನಾನು ಯಾಕೆ ಬೇಕು? ಅಕ್ಕ... ಅಕ್ಕ ಕಾಲು ಜಾರಿ ಬಿದ್ದಿದ್ದಲ್ಲ ಅಣ್ಣಾ."

ನಾನು ಒಳಬಾಗಿಲ ಕಡೆ ನೋಡಿಕೊಂಡೆ. "ನಿಮ್ಮಪ್ಪನ ಮನೆಗೆ ಹೋಗ್ಬಾರ್ದಾ?"

"ಮುದ್ದೇನಹಳ್ಳಿ ಪಕ್ಕ. ಒಬ್ಬಳೇ ಹೇಗೆ ಹೋಗಲಿ? ಹೊಸಿಲು ದಾಟೋಕೆ ಬಿಡಲ್ಲ. ಫೋಟೋ ಬರೋ ತನಕ ನನ್ನನ್ನ ಏನೂ ಮಾಡಲ್ಲ. ಕೆಡಿಸ್ಬಿಡಿ."

"ಆಯ್ತು, ಕೆಡಿಸ್ತೀನಿ. ಹೆದರಬೇಡ," ಅಂದೆ.

ವೆಂಕಟಮ್ಮ ಬಂದರು, ಓಲೆ ಹಾಕಿದರು, ಬಂದು ನನ್ನ ಬೆನ್ನ ಹಿಂದೆ ನಿಂತರು. ಇದನ್ನ ನೆನಪಿಟ್ಟುಕೊಳ್ಳಿ. ಅವರು ನಿಂತಿದ್ದು ನನ್ನ ಹಿಂದೆ. ಅವರ ಉಸಿರು ನನ್ನ ಕತ್ತಿಗೆ ತಾಗ್ತಿತ್ತು. ಹುಡುಗಿ ಹಿಂದೆ ಬರೀ ಕತ್ತಲಿತ್ತು, ಹಿತ್ತಲಿತ್ತು, ಬಾವಿ ಇತ್ತು.

"ಅಲ್ಲಾಡಬೇಡಮ್ಮಾ," ಅಂದು ಲೆನ್ಸಿನ ಮುಚ್ಚಳ ತೆಗೆದೆ.

ಲಾಟೀನಿನ ಬೆಳಕಿಗೆ ಬಹಳ ಹೊತ್ತು ಬಿಡಬೇಕಾಗುತ್ತೆ. ಮನಸ್ಸಿನಲ್ಲೇ ಎಣಿಸ್ತಾ ನಿಂತೆ. ಆಗ ಕೇಳಿಸ್ತು... ಕಿರ್‍ರ್... ಕಿರ್‍ರ್... ಹಿತ್ತಲಲ್ಲಿ ರಾಟೆ ತಿರುಗ್ತಿತ್ತು. ಗಾಳಿ ಒಂದಿಷ್ಟೂ ಇರಲಿಲ್ಲ. ನುಸಿಗುಳಿಗೆ ವಾಸನೆ ಹೋಗಿ ಹಸಿ ಪಾಚಿ ವಾಸನೆ ಮೂಗಿಗೆ ಬಡೀತು. ಹುಡುಗಿ ಕಣ್ಣು ಅಗಲವಾದವು, ಆದರೆ ಪಾಪ, ಅಲ್ಲಾಡಲಿಲ್ಲ. ಅಲ್ಲಾಡಬೇಡ ಅಂದಿದ್ದೆನಲ್ಲ.

ಮುಚ್ಚಳ ಹಾಕಿದೆ. ರಾಟೆ ನಿಂತಿತು.

"ಯಾರಮ್ಮಾ ಹಿತ್ತಲಲ್ಲಿ?" ಅಂದೆ.

"ಯಾರೂ ಇಲ್ಲ. ಇಲಿ," ಅಂದರು ವೆಂಕಟಮ್ಮ. ರಾಟೆ ತಿರುಗಿಸೋ ಇಲಿ ನಾನಂತೂ ನೋಡಿಲ್ಲ!

ಸಾಮಾನು ಕಟ್ಟುವಾಗ, ಅವರು ಅತ್ತ ತಿರುಗಿದ ತಕ್ಷಣ, ಫೋಟೋ ಮೂಡೋ ಗಾಜಿನ ಪ್ಲೇಟಿದ್ದ ಮರದ ಡಬ್ಬಿಯ ಮುಚ್ಚಳ ಪೂರ್ತಿ ಎಳೆದು ಲಾಟೀನಿಗೆ ಹಿಡಿದೆ. ಇನ್ನೇನು ಉಳೀತು? ಬೆಳಕು ಬಿದ್ದ ಪ್ಲೇಟು ಔಷಧಿಯಲ್ಲಿ ತೊಳೆದರೆ ಕರೀ ಹಲಗೆ ಹಾಗೆ ಕಪ್ಪಗೆ ಬರುತ್ತೆ ಅಷ್ಟೇ. ಹುಡುಗಿ ನೋಡಿದಳು. ಮುಖವೆಲ್ಲಾ ಅರಳಿಹೋಯ್ತು ಅವಳದು. ಅಂಥ ಮುಖ ನಾನು ಜನ್ಮದಲ್ಲಿ ತೆಗೆದಿಲ್ಲ, ಅವತ್ತೂ ತೆಗೆಯಲಿಲ್ಲ.

"ಕತ್ತಲಲ್ಲಿ ತೆಗೆದಿದ್ದು. ಬರುತ್ತೆ ಅಂತ ಹೇಳೋಕಾಗಲ್ಲಮ್ಮಾ," ಅಂದೆ ಹೊರಡುವಾಗ.

"ಬರುತ್ತೆ ಬಿಡು. ಬರದೆ ಎಲ್ಲಿಗೆ ಹೋಗ್ತಾಳೆ?" ಅಂದರು ಆ ಹೆಂಗಸು.

ಕೊನೇ ಬಸ್ಸಿಗೆ ಊರು ಸೇರಿದೆ. ಸರೋಜಂಗೆ ಎಲ್ಲಾ ಹೇಳಿದೆ. ನಾಳೆ ಆ ಕಪ್ಪು ಪ್ಲೇಟನ್ನ ತಗೊಂಡು ಹೋಗಿ ತೋರಿಸ್ತೀನಿ, ಕೆಟ್ಟಿದೆ ಅನ್ನೋಕೆ ಸಾಕ್ಷಿ ಬೇಕಲ್ಲ ಅಂತ ಊಟಕ್ಕೂ ಮುಂಚೆ ತೊಳೆಯೋಕೆ ಕೂತೆ. ಅಡುಗೆಮನೆ ಪಕ್ಕದ ಉಗ್ರಾಣವೇ ನನ್ನ ಡಾರ್ಕ್ ರೂಮು. ಕೆಂಪು ದೀಪ ಹಾಕಿ ಪ್ಲೇಟನ್ನ ಔಷಧಿ ಟ್ರೇಗೆ ಬಿಟ್ಟೆ.

ಕಪ್ಪಾಗಲಿಲ್ಲ.

ಟ್ರೇ ಅಲ್ಲಾಡಿಸಿದೆ. ಇಲ್ಲ... ಕಪ್ಪಾಗ್ತಿಲ್ಲ. ಔಷಧಿ ವಾಸನೆ ಎಲ್ಲಿ ಹೋಯ್ತೋ, ಅದೇ ಪಾಚಿ ವಾಸನೆ, ಉಗ್ರಾಣ ತುಂಬಾ. ನೀರಿನ ತಳದಿಂದ ಯಾರೋ ಮೇಲೆ ಬರೋ ಹಾಗೆ ಒಂದು ಮುಖ ನಿಧಾನಕ್ಕೆ ಮೂಡಿತು.

"ಸರೋಜಾ!" ಅಂತ ಕೂಗಿದ್ದು ನಾನೇನಾ ಅನ್ನೋ ಹಾಗಿತ್ತು ನನ್ನ ದನಿ.

ನೆಗೆಟಿವ್‌ನಲ್ಲಿ ನೋಡಿದ್ದು ಸಾಲದು ಅಂತ ಗಡಿಬಿಡಿಯಲ್ಲಿ ಒಂದು ಪ್ರಿಂಟು ಹಾಕಿದೆ. ದೀಪ ಹಾಕಿ ಇಬ್ಬರೂ ನೋಡಿದ್ವಿ.

"ಇದ್ಯಾಕ್ರೀ ಈಕೆ ಸೀರೆ ಒದ್ದೆಯಾಗಿದೆ?" ಅಂದಳು ಸರೋಜ.

ನಾನು ಕೂಡಿಸಿದ್ದು ಒಣ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ ಹುಡುಗೀನ. ಇಲ್ಲಿದ್ದವಳ ಕೂದಲು ಹಣೆಗೆ ಕಚ್ಚಿಕೊಂಡು ನೀರು ಸುರೀತಿತ್ತು. ಎಡ ಹುಬ್ಬು ಸೀಳಿತ್ತು. ಬಾಯಿ ತೆರೆದಿತ್ತು, ಯಾರನ್ನೋ ಕರೀತಿದ್ದ ಹಾಗೆ. ಮುಖ ಅದೇ ಅಚ್ಚು. ಆದರೆ ಕೊರಳಲ್ಲಿ ತಾಳಿ ಒಂದೇ ಇತ್ತು. ಆ ಚಿನ್ನದ ಬಿಲ್ಲೆ ಇರಲಿಲ್ಲ.

"ಇವಳು ಜಯಮ್ಮ ಅಲ್ಲ ಕಣೇ," ಅಂದೆ. "ಬಿಲ್ಲೆ ಇಲ್ಲ ನೋಡು. ಇವಳು ಅಕ್ಕ. ರತ್ನಮ್ಮ."

"ರೀ... ಆ ಕೈ ಯಾರದು?"

ಆಗ ಕಂಡಿತು. ಹಿಂದಿನ ಕತ್ತಲಿಂದ ಒಂದು ಕೈ ಬಂದು ಅವಳ ಭುಜದ ಮೇಲೆ ಕೂತಿತ್ತು. ಬಲಗೈ. ಅದುಮ್ತಾ ಇರೋ ಕೈ. ಕಿರುಬೆರಳು ಹೊರಗಡೆಗೆ ಸೊಟ್ಟಗೆ ತಿರುಗಿತ್ತು.

ಆ ಕೈಯವಳು ನನ್ನ ಬೆನ್ನ ಹಿಂದೆ ನಿಂತಿದ್ದಳು ಸ್ವಾಮಿ! ನನ್ನ ಕತ್ತಿಗೆ ಉಸಿರು ತಾಗ್ತಿತ್ತು!

ರಾತ್ರಿಯೆಲ್ಲಾ ದೀಪ ಆರಿಸಲಿಲ್ಲ. ಸತ್ತವಳು ಬಂದು ತನ್ನನ್ನ ಹೇಗೆ ಕೊಂದರು ಅಂತ ಹೇಳಿ ಹೋದಳು, ಹೀಗೇ ಅಂದುಕೊಂಡೆ ನಾನು. ಎರಡು ವರ್ಷದ ಹಿಂದಿನ ಮಾತು, ಇನ್ನೊಂದು ರಾತ್ರಿಗೆ ಏನಾಗುತ್ತೆ ಅಂದುಕೊಂಡೆ. "ಬೆಳಗ್ಗೆ ಮೊದಲನೇ ಬಸ್ಸಿಗೆ ಹೋಗಿ. ಏನಾದ್ರೂ ನೆಪ ಹೇಳಿ ಆ ಹುಡುಗೀನ ಅವರಪ್ಪನ ಮನೆಗೆ ಸೇರಿಸಿಬಿಡಿ," ಅಂದಳು ಸರೋಜ. ಹಾಗೇ ಮಾಡ್ತೀನಿ ಅಂದೆ. ಬೇರೆ ಏನು ಮಾಡೋಕಾಗ್ತಿತ್ತು, ಆ ಹೊತ್ತಿನಲ್ಲಿ ಬಸ್ಸೂ ಇರಲಿಲ್ಲ, ಗಾಡಿಯೂ ಇರಲಿಲ್ಲ.

ಮೊದಲನೇ ಬಸ್ಸಿಗೆ ಹೋದೆ. ಬೀದಿ ತಿರುಗೋವಾಗಲೇ ಗುಂಪು ಕಾಣಿಸ್ತು. ಜನರನ್ನ ಸರಿಸಿಕೊಂಡು ಒಳಗೆ ಹೋದೆ.

ಜಯಮ್ಮನ್ನ ಹಜಾರದಲ್ಲಿ ಚಾಪೆ ಮೇಲೆ ಮಲಗಿಸಿದ್ದರು. ನೀರು ಇನ್ನೂ ಹರೀತಿತ್ತು, ಹೊಸಿಲ ತನಕ. ರಾತ್ರಿ ನೀರು ಸೇದೋಕೆ ಹೋಗಿ ಕಾಲು ಜಾರಿತಂತೆ. ಅದೇ ಹಸಿರು ಸೀರೆ. ಕೂದಲು ಹಣೆಗೆ ಕಚ್ಚಿಕೊಂಡಿತ್ತು. ಎಡ ಹುಬ್ಬು ಸೀಳಿತ್ತು. ಬಾಯಿ ತೆರೆದಿತ್ತು.

ಮತ್ತೆ ಕೊರಳು... ಕೊರಳಲ್ಲಿ ತಾಳಿ ಒಂದೇ ಇತ್ತು. ಬಿಲ್ಲೆ ಇರಲಿಲ್ಲ.

ಚಾಪೆ ಪಕ್ಕ ಕೂತು ಇನ್ನೊಂದು ಸಲ ನೋಡಿದೆ. ಅಕ್ಕ ಅಲ್ಲ! ನನ್ನ ಟ್ರೇನಲ್ಲಿ ಮೇಲೆ ಬಂದಿದ್ದು ಅಕ್ಕ ಅಲ್ಲವೇ ಅಲ್ಲ. ಬಾಯಿ ತೆರೆದು ಕರೆದಿದ್ದು ನನ್ನನ್ನೇ. ನಾನು ಅಲ್ಲಿ ಕೂತು ಕೊರಳ ಬಿಲ್ಲೆ ಲೆಕ್ಕ ಹಾಕ್ತಿದ್ದೆ.

ವೆಂಕಟಮ್ಮ ಗೋಡೆಗೊರಗಿ ಕೂತಿದ್ದರು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಸೆರಗಿನ ತುದಿಯಲ್ಲಿ ಏನೋ ಗಂಟು ಹಾಕಿಕೊಂಡಿದ್ದರು, ಅದನ್ನ ಬೆರಳಲ್ಲಿ ಉಜ್ಜುತ್ತಾ ಇದ್ದರು. ಗಂಟಿನ ಸಂದಿಯಲ್ಲಿ ಚಿನ್ನ ಮಿನುಗಿತು.

ನನ್ನ ನೋಡಿ, "ಬಂದ್ಯಾ? ಫೋಟೋ ತಂದ್ಯಾ?" ಅಂದರು.

ನನಗೆ ಎಲ್ಲಿಂದ ಬಂತೋ ಸಿಟ್ಟು, ಚೀಲದಿಂದ ಪ್ರಿಂಟು ತೆಗೆದು ಅವರ ಮುಖಕ್ಕೆ ಹಿಡಿದೆ. "ನೋಡಿ! ನೋಡ್ಕೊಳ್ಳಿ ಇದನ್ನ!" ಕಿರುಚಿಕೊಳ್ತಾರೆ, ಕಾಲಿಗೆ ಬೀಳ್ತಾರೆ, ಏನೋ ಒಂದು ಆಗುತ್ತೆ ಅಂದುಕೊಂಡಿದ್ದೆ.

ಅವರು ಪ್ರಿಂಟನ್ನ ಕೈಗೆ ತಗೊಂಡರು. ಬಾಗಿಲ ಬೆಳಕಿಗೆ ತಿರುಗಿಸಿ ಹಿಡಿದು, ನಿಧಾನಕ್ಕೆ, ಮೂಲೆ ಮೂಲೆ ನೋಡಿದರು. ಭುಜದ ಹತ್ತಿರ ಕಣ್ಣು ನಿಂತಿತು. ಆಮೇಲೆ ನನ್ನ ಹತ್ತಿರ ಬಗ್ಗಿ, ಪಕ್ಕದವರಿಗೆ ಕೇಳದ ಹಾಗೆ ಅಂದರು.

"ಚೆನ್ನಾಗಿ ಬಂದಿದೆ. ಇಬ್ಬರಿಗೂ ಇದೊಂದೇ ಸಾಕು. ಆ ಕೈ ಮಾತ್ರ ಅಳಿಸಿಬಿಡು."

ಪ್ರಿಂಟನ್ನ ವಾಪಸ್ ಕಿತ್ತುಕೊಳ್ಳೋಕೆ ಆಗಲಿಲ್ಲ, ಮಡಿಲಲ್ಲಿ ಇಟ್ಟುಕೊಂಡುಬಿಟ್ಟಿದ್ದರು. ಸಿಕ್ಕಿದ ಬಸ್ಸು ಹತ್ತಿ ಮನೆಗೆ ಬಂದು, ಪ್ಲೇಟನ್ನ ಬಟ್ಟೆಯಲ್ಲಿ ಸುತ್ತಿ ಪೊಲೀಸ್ ಸ್ಟೇಷನ್ನಿಗೆ ತಗೊಂಡು ಹೋದೆ. ಸಾಹೇಬರು ಅದನ್ನ ಕಿಟಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು.

"ಏನ್ರೀ ಇದು? ತಮಾಷೆನಾ?"

ಪ್ಲೇಟು ಪೂರ್ತಿ ಕಪ್ಪಗಿತ್ತು. ಬೆಳಕು ಬಿದ್ದ ಪ್ಲೇಟು ಹೇಗಿರಬೇಕೋ ಹಾಗೇ ಇತ್ತು. ಆಮೇಲೆ ಎಷ್ಟು ಸಲ ತೆಗೆದು ನೋಡಿದ್ದೀನೋ, ಒಂದು ಗೆರೆಯೂ ಕಂಡಿಲ್ಲ.

ಆದರೆ ಆ ಪ್ರಿಂಟು ಇದೆ. ಅದೇ ವರ್ಷ ಹಿರಿಯರ ಹಬ್ಬಕ್ಕೆ ಕಟ್ಟು ಹಾಕಿಸಿ ಹಜಾರದ ಗೋಡೆಗೆ ಹಾಕಿದರಂತೆ. ಎಡೆಗೆ ಹೋಗಿದ್ದ ಅವರ ನೆಂಟರೊಬ್ಬರು ಅಂಗಡಿಗೆ ಬಂದಾಗ ಕೇಳಿದೆ. "ಪಟದಲ್ಲಿ ಭುಜದ ಮೇಲೆ ಏನಾದ್ರೂ ಕಾಣಿಸುತ್ತಾ?" ಅಂತ. "ಭುಜ ಎಲ್ಲಿ ಕಾಣುತ್ತೆ ಸ್ವಾಮಿ, ದಪ್ಪ ಹಾರ ಹಾಕಿರ್ತಾರೆ. ಅಮ್ಮ ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ, ಬಾಡೋಕೆ ಮುಂಚೇನೇ ತಾವೇ ಬದಲಾಯಿಸ್ತಾರೆ," ಅಂದರು.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಕೃಷ್ಣಪ್ಪ ಮತ್ತೆ ನನ್ನ ಅಂಗಡಿ ಬಾಗಿಲಲ್ಲಿ ನಿಂತಿದ್ದ. ಹೊಸ ಪಂಚೆ, ಕೈಗೆ ಕಂಕಣ. ನನ್ನ ಮುಖ ಬಿಟ್ಟು ಬೇರೆಲ್ಲಾ ನೋಡ್ತಾ ಅಂದ, "ಮನೆಗೆ ಹೊಸಬಳು ಬಂದಿದ್ದಾಳೆ. ಫೋಟೋ ತೆಗೀಬೇಕಂತೆ. ಆಮೇಲೆ ಒದ್ದಾಡೋದು ಬೇಡ, ಈ ಸಲ ಮೊದಲೇ ತೆಗೆಸಿ ಇಟ್ಟುಕೊಳ್ಳೋಣ ಅಂತ ಅಮ್ಮ ಹೇಳಿದ್ರು."

ಥೂ ಅಂತ ಉಗಿದು ಕಳಿಸಿದೆ. ಆ ಹೊಸ ಹುಡುಗಿ ಅಪ್ಪನನ್ನ ಹುಡುಕಿಕೊಂಡು ಹೋಗಿ ಎಲ್ಲಾ ಹೇಳಿದೆ. ಅವನು ಕಪ್ಪು ಪ್ಲೇಟನ್ನ ನೋಡಿ, ನನ್ನ ನೋಡಿ, ಮಜ್ಜಿಗೆ ಕೊಟ್ಟು ಕಳಿಸಿದ. ಫೋಟೋನ ಬೇರೆ ಯಾರೋ ಹೋಗಿ ಫ್ಲ್ಯಾಶ್ ಲೈಟು ಹೊಡೆದು ತೆಗೆದರಂತೆ. ಅದು ಹೇಗೆ ಬಂತು ಅಂತ ನಾನು ಕೇಳಲಿಲ್ಲ, ಕೇಳೋ ಧೈರ್ಯ ಇರಲಿಲ್ಲ.

ನಾನು ಕಸುಬು ಬಿಡಲಿಲ್ಲ, ಹೊಟ್ಟೆ ಕೇಳಬೇಕಲ್ಲ. ಆದರೆ ಅವತ್ತಿನಿಂದ ಯಾವ ಹೆಣ್ಣುಮಗಳಿಗೂ ಅಲ್ಲಾಡಬೇಡ ಅಂತ ನಾನು ಹೇಳಿಲ್ಲ. ಕೆಂಪು ದೀಪದಲ್ಲಿ ಹೊಸ ಮದುವೆ ಹುಡುಗಿಯರ ಫೋಟೋ ತೊಳೆಯೋವಾಗ, ಎಲ್ಲರೂ ಮುಖ ಹೇಗೆ ಬಂತು ಅಂತ ನೋಡ್ತಾರೆ. ನಾನು ಮೊದಲು ಭುಜ ನೋಡ್ತೀನಿ.